ಹೊರೆ ಕಟ್ಟುವ ಗಂಟು

“ಕಟ್ಟಂದ್ರ ಕಟ್ಟು. ಹುಚ್ರಂಡೀನ ಕಾಯಾಕ ನಾವೇನ್ ನಿಮ್ಮಪ್ಪನ ಆಳಾ?”

ಆಸ್ಪತ್ರೆಯ ತುರ್ತು ಕೋಣೆಯ ಆಳು, ಶ್ರೀಮಂತ ಅಂತ ಅವನ ಹೆಸರು, ಬ್ಯಾಂಡೇಜ್ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದ. ಪಿಯುಸಿ ಓದುವ ನನ್ನ ಮಗಳು ಆಮ್ರಪಾಲಿ ನೆಲದ ಮೇಲೆ ಕೂತು ಕೆನ್ನೆ ಪರಚಿಕೊಳ್ಳುತ್ತಿದ್ದಳು. ಬೆಳಿಗ್ಗೆ ಸಾಯುತ್ತೇನೆಂದು ಬಾವಿ ಕಡೆ ಓಡಿದವಳನ್ನು ಹಿಡಿದು, ಹಳ್ಳಿಖೇಡದಿಂದ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹುಮನಾಬಾದಿಗೆ ತಂದಿದ್ದೆ.

ಕಟ್ಟಿದೆ. ಥೂ, ನನ್ನ ಕೈಗೆ ಹುಳ ಬೀಳಲಿ, ಮಗಳ ಎರಡೂ ಕೈ ಸೇರಿಸಿ ಕಟ್ಟಿದೆ. ಕಬ್ಬಿನ ಹೊರೆ ಕಟ್ಟಿ ಸವೆದ ಕೈಗೆ ಗೊತ್ತಿರುವುದು ಒಂದೇ ಗಂಟು, ಜಗ್ಗಿದಷ್ಟೂ ಬಿಗಿಯುವುದು. ಹುಡುಗಿ ಜಗ್ಗುತ್ತಲೇ ಇದ್ದಳು.

ಡಾಕ್ಟರ ದೂರದಿಂದಲೇ ನೋಡಿದ. ಈಗೀಗ ದಿನಾ ಇಂಥ ಹುಡುಗ ಹುಡುಗಿಯರೇ ಬರುತ್ತಾರೆ, ಎಲ್ಲಿ ಇಟ್ಟುಕೊಳ್ಳೋದು ಎಂದು ಗೊಣಗಿದ. ಸುಳ್ಳಲ್ಲ, ಬಾಗಿಲ ಬಳಿ ಮಂಠಾಳದಿಂದ ಬಂದ ಕೇಶರಬಾಯಿ ಎಂಬಾಕೆಯೂ ನಡುಗುವ ಮಗನನ್ನು ಅವಚಿಕೊಂಡು ಕೂತಿದ್ದಳು. ಮನಸ್ಸಿನ ಡಾಕ್ಟರು ಮಧ್ಯಾಹ್ನ ಬರುತ್ತಾರಂತೆ, ಖಾಟು ಸಿಕ್ಕಿ ಮಲಗಿದವರನ್ನಷ್ಟೇ ನೋಡುತ್ತಾರಂತೆ. ಒಂದು ಖಾಟು ಖಾಲಿಯೇ ಇತ್ತು. ಕೈ ಮುಗಿದು ಕೇಳಿದೆ.

“ನಿಮ್ಮೋರಿಗಿ ಓದು ತಲಿಗೇರ್ತದ,” ಅಂದ ಡಾಕ್ಟರ. “ಕಬ್ ಕಡಿಯಾಕ ಹಚ್ಚು, ಆರಾಮ ಆಗ್ತಾಳ.”

ಹಾಸ್ಟೆಲಿನಲ್ಲಿ ಮಗಳ ತಟ್ಟೆ ಬೇರೆ ಇಟ್ಟು ನಕ್ಕವರೂ ಇವನ ಹಾಗೆ ಓದಿದವರೇ.

ಅಷ್ಟರಲ್ಲಿ ವೈಜನಾಥ ಸಾಹುಕಾರ ಬಂದ. ನಾನು ಕಬ್ಬು ಕಡಿಯುವುದು ಅವನ ಹೊಲದಲ್ಲೇ. ಜೊತೆಗೆ ಮೊಮ್ಮಗ ಓಂಪ್ರಕಾಶ, ಅದೇ ವಯಸ್ಸು, ಅದೇ ಚೀರಾಟ, ಅದೇ ಪರಚಾಟ. ಅವನಿಗೆ ಆ ಖಾಲಿ ಖಾಟು ಸಿಕ್ಕಿತು, ಪರದೆ ಸಿಕ್ಕಿತು. ಪಾಪ, ಪರೀಕ್ಷೆಯ ಟೆನ್ಶನ್ ಎಂದು ಡಾಕ್ಟರ ತಾನೇ ತಲೆ ಸವರಿದ. ಅವನನ್ನು ಕಟ್ಟು ಎಂದು ಯಾರೂ ಅನ್ನಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕಣ್ಣುಗಳೂ ನನ್ನ ಮಗಳ ಕಣ್ಣಿನ ಹಾಗೇ ಹೆದರಿದ್ದವು.

ಸಾಹುಕಾರ ಮೂಗಿಗೆ ಟವೆಲ್ ಹಿಡಿದ. “ಈ ಹೊಲಸು ಇಲ್ಯಾಕದ? ಹೊರಗ ಒಗೀರಿ.”

ಶ್ರೀಮಂತ ಎಳೆಯಲು ಬಂದ. ಆಗ ಮಗಳು ಬೆಳಗಿನಿಂದ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. “ಯವ್ವಾ, ಕೈ ನೋಯ್ತಾವ.”

ನೋಡಿದರೆ ಎರಡೂ ಮಣಿಕಟ್ಟು ಊದಿ ನೀಲಿಗಟ್ಟಿದ್ದವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಲ್ಲಿನಿಂದ ಗಂಟು ಕಚ್ಚಿ ಬಿಡಿಸಿದೆ. ಶ್ರೀಮಂತ ಮತ್ತೆ ಕಟ್ಟು ಎಂದು ಒದರಿದ.

ಕಟ್ಟಿದೆ. ಮಗಳನ್ನು ಕರೆದುಕೊಂಡೇ ಪರದೆ ಸರಿಸಿ ಒಳಗೆ ನುಗ್ಗಿ, ಸಾಹುಕಾರನ ಮೊಮ್ಮಗ ಮಲಗಿದ ಖಾಟಿನ ಕಾಲಿಗೆ ಅದೇ ಬಟ್ಟೆಯಿಂದ ನನ್ನ ಎಡಗೈಯನ್ನೇ ಕಟ್ಟಿಕೊಂಡೆ. ಬಲಗೈಯಿಂದ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಮನಸ್ಸಿನ ಡಾಕ್ಟರು ಈ ಖಾಟಿಗೆ ಬರಲೇಬೇಕಲ್ಲ, ಬರಲಿ.

ಶ್ರೀಮಂತ ರಟ್ಟೆ ಹಿಡಿದು ಜಗ್ಗಿದ. ಬಟ್ಟೆ ಚರ್ಮದೊಳಗೆ ಇಳಿಯಿತು.

“ಜಗ್ಗೋ ಸುವ್ವರ್,” ಅಂದೆ. “ಜಗ್ಗಿದಷ್ಟೂ ಬಿಗೀತದ ಇದು.”

ಬಾಗಿಲ ಬಳಿಯಿಂದ ಕೇಶರಬಾಯಿ ಮಗನನ್ನು ನಡೆಸಿಕೊಂಡು ಬಂದು ನನ್ನ ಪಕ್ಕ ನೆಲಕ್ಕೆ ಕೂತಳು. ಸೆರಗಿನ ಅಂಚನ್ನು ಪರ್ರನೆ ಹರಿದು ಕೈ ಮುಂದೆ ಚಾಚಿದಳು.

“ನಂದೂ ಕಟ್ಟವ್ವ.”