ಅಲುಗದ ಚುಕ್ಕೆ

ಮಧ್ಯಾಹ್ನ ಮೂರೂ ಕಾಲಿಗೆ ದೊಡ್ಡಕ್ಕ ನನ್ನ ಬೆನ್ನ ಹಿಂದೆ ಬಂದು ನಿಂತಳು. ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ಸಮ್ಮಿಳನ ಯಂತ್ರವನ್ನು ನಡೆಸುವವಳು ಅವಳು. ನನಗಿಂತ ಚಿಕ್ಕವಳಾದರೂ ಕಂಟ್ರೋಲ್ ರೂಮಿಗೆಲ್ಲ ದೊಡ್ಡಕ್ಕ.

"ಹೇಳಪ್ಪ, ಬೆಂಕಿನಾ, ಗದ್ದಲಾನಾ?"

ಯಂತ್ರದೊಳಗಿನ ಗೋಡೆಯನ್ನು ನೋಡುವ ಕ್ಯಾಮೆರಾ ನನ್ನ ಪಾಲಿನದು. ಒಳಗೆ ಉರಿ ಹತ್ತಿದೊಡನೆ ನ್ಯೂಟ್ರಾನುಗಳು ಕ್ಯಾಮೆರಾಕ್ಕೂ ಬಡಿಯುತ್ತವೆ. ಚಿತ್ರದ ತುಂಬ ಬಿಳಿ ಚುಕ್ಕೆಗಳು ಮಿನುಗಿ ಮಾಯವಾಗುತ್ತವೆ. ಅದನ್ನೇ ನಾವು ಗದ್ದಲ ಎನ್ನುವುದು. ಕೆಲವು ಮಾತ್ರ, ಕ್ಯಾಮೆರಾದ ಕಣ್ಣಿಗೇ ಗಾಯವಾಗಿ, ಅಲ್ಲೇ ಕೂತುಬಿಡುತ್ತವೆ. ಬೆಳಗಿನಿಂದ ಗೋಡೆಯ ಬೋಲ್ಟೊಂದರ ಪಕ್ಕ ಅಂಥದೊಂದು ಕೂತಿತ್ತು. ಗಾಯವಾದರೆ ಅದೂ ಗದ್ದಲವೇ, ಚಿಂತೆಯಿಲ್ಲ. ಗೋಡೆಯೇ ಕಾದಿದ್ದರೆ ಅದು ಬೆಂಕಿ; ಮುಂದಿನ ದೊಡ್ಡ ಉರಿಗೆ ಅದರ ಹಿಂದಿನ ನೀರಿನ ಕೊಳವೆ ಒಡೆದು ಯಂತ್ರ ವರ್ಷಗಟ್ಟಲೆ ಮೂಲೆ ಸೇರುತ್ತದೆ.

ತಿಳಿಯಲು ನಮ್ಮಲ್ಲೊಂದು ಉಪಾಯವಿದೆ. ಸಣ್ಣ ಉರಿ ಹಚ್ಚಿ, ಕ್ಯಾಮೆರಾವನ್ನು ಕೂದಲೆಳೆಯಷ್ಟು ವಾಲಿಸುವುದು. ಗೋಡೆಯ ಚಿತ್ರ ಸರಿಯುತ್ತದೆ. ಕಣ್ಣಿನ ಗಾಯ ಇದ್ದಲ್ಲೇ ಇರುತ್ತದೆ. ವಾಲಿಸಿದೆ. ಚುಕ್ಕೆ ಅಲುಗಲಿಲ್ಲ.

"ಗದ್ದಲ," ಎಂದೆ. ನಾಲ್ಕಕ್ಕೆ ಮಗಳನ್ನು ಶಾಲೆಯಿಂದ ಕರೆತರಬೇಕಿತ್ತು. ಈ ವಾರ ಆಗಲೇ ಎರಡು ಸಲ ಮಾತು ತಪ್ಪಿದ್ದೆ.

"ಗ್ಯಾರಂಟಿ?"

"ನೂರಕ್ಕೆ ನೂರು."

"ಆ ನೂರರಲ್ಲಿ ನಿದ್ದೆಗಣ್ಣಿನ ಪಾಲೆಷ್ಟು?" ಎಂದು ನಕ್ಕು, ದೊಡ್ಡ ಉರಿಗೆ ಎಣಿಕೆ ಶುರುಮಾಡಿಸಿದಳು. ಹತ್ತು ನಿಮಿಷ.

ಬ್ಯಾಗು ಹೆಗಲಿಗೇರಿಸಿದೆ. ತೆರೆ ಆರಿಸಲು ಬಾಗಿದವನಿಗೆ ಏನೋ ಕಿರಿಕಿರಿ. ಚುಕ್ಕೆ ಬೋಲ್ಟಿನ ಪಕ್ಕ. ಬೆಳಿಗ್ಗೆಯೂ ಪಕ್ಕದಲ್ಲೇ ಇತ್ತು. ವಾಲಿಸಿದ ಮೇಲೆ ಬೋಲ್ಟಾದರೂ ಸರಿಯಬೇಕಿತ್ತಲ್ಲ? ಕ್ಯಾಮೆರಾ ವಾಲಲೇ ಇಲ್ಲವೆ? ಚಿತ್ರದ ಎಡ ಅಂಚಿನಲ್ಲಿ ಸಣ್ಣ ಕಪ್ಪು ಪಟ್ಟಿ, ಸರಿದ ಚಿತ್ರ ಬಿಟ್ಟ ಖಾಲಿ ಜಾಗ. ವಾಲಿತ್ತು. ಹಾಗಿದ್ದರೆ?

ಯಂತ್ರ ನಡುಗಿದರೂ ಗೋಡೆ ನಿಂತಂತೆ ಕಾಣಲೆಂದು ಕಳೆದ ತಿಂಗಳು ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಚಿತ್ರ ಎಷ್ಟೇ ಸರಿದರೂ ಅದು ಗೋಡೆಯನ್ನು ಎಳೆದು ಮೊದಲಿನ ಜಾಗದಲ್ಲೇ ಕೂರಿಸುತ್ತದೆ. ಗಾಯವಾಗಿದ್ದರೆ ಆ ಎಳೆತಕ್ಕೆ ಚುಕ್ಕೆ ಬೋಲ್ಟಿನಿಂದ ದೂರವಾಗಬೇಕಿತ್ತು. ಅಂದರೆ ಅಲುಗಿದ್ದರೆ ಗದ್ದಲ, ಅಲುಗದಿದ್ದರೆ... ಅಥವಾ ತಿರುಗುಮುರುಗೊ? ತೆರೆಯ ಮೇಲೆ ಬೆರಳನ್ನು ಆಚೆ ಈಚೆ ಎರಡು ಸಲ ಎಳೆದು ನೋಡಿದೆ.

"ಅಕ್ಕಾ, ನಿಲ್ಸು!"

"ನಾಲ್ಕೇ ನಿಮಿಷ ಇದೆ. ಏನಾಯ್ತೋ?"

"ಗದ್ದಲ ಅಲ್ಲ. ಬೆಂಕಿ. ಅನ್ಸುತ್ತೆ."

"ಈಗ ತಾನೆ ನೂರಕ್ಕೆ ನೂರು ಅಂದೆ!"

"ನನ್ನ ಪ್ರೋಗ್ರಾಂ ಆಫ್ ಮಾಡೋದು ಮರೆತೆ. ಸಣ್ಣ ಉರಿ ಇನ್ನೊಂದ್ಸಲ ಕೊಡು. ತಪ್ಪಾದ್ರೆ ಬೈಯಿ."

"ಸರಿ ಇದ್ರೂ ಬೈತೀನಿ," ಎಂದು ಎಣಿಕೆ ನಿಲ್ಲಿಸಿದಳು.

ಪ್ರೋಗ್ರಾಂ ಆರಿಸಿ ಮತ್ತೆ ವಾಲಿಸಿದೆ. ಮಿನುಗುವ ಸಾವಿರ ಚುಕ್ಕೆಗಳ ನಡುವೆ ಬೋಲ್ಟು ಎಡಕ್ಕೆ ಜಾರಿತು. ಜೊತೆಗೇ ಆ ಚುಕ್ಕೆಯೂ ಜಾರಿತು. ದೊಡ್ಡಕ್ಕ ಬೈಯಲಿಲ್ಲ. ಯಂತ್ರದ ಕೀಲಿ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡಳು.

ನಾಲ್ಕೂವರೆಗೆ ಫೋನು. "ಅಪ್ಪ, ಟೀಚರ್ ಬೀಗ ಹಾಕ್ತಿದಾರೆ. ನೀನು ಹೊರಟಿದ್ದೀಯೋ ಇಲ್ವೋ?"

ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಹೊರಟಿದ್ದೆ ಕಣಮ್ಮ," ಎಂದೆ.