ಚೀನಾ ಕ್ಲಸ್ಟರಿನ ಹಾವು

"ಚೀನಾದಾಗ ಮನಿ ಹಿಡದೇನಿ" ಎಂದು ಪರಸಪ್ಪ ದುಬೈಯಿಂದ ಫೋನು ಮಾಡಿದಾಗ ಮುಧೋಳದಲ್ಲಿದ್ದ ಹೆಂಡತಿ ನಿಂಗವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಆಮೇಲೆ, "ದುಬೈ ಅಂದಿದ್ರಲ್ಲಾ?" ಎಂದಳು.

ದುಬೈಯೇ ಸರಿ. ಊರ ಹೊರಗಿನ ಮರಳಿನಲ್ಲಿ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆ ಎದ್ದಿತ್ತು. ಒಂದೊಂದು ದೇಶದ ಹೆಸರಿಗೆ ಒಂದೊಂದು ಗುಂಪು ಕಟ್ಟಡ, ಅಲ್ಲಿಯವರ ಮಾತಿನಲ್ಲಿ ಕ್ಲಸ್ಟರು. ಇಂಗ್ಲೆಂಡು ದುಬಾರಿ, ಪರ್ಷಿಯಾ ಭರ್ತಿ, ಚೀನಾದಲ್ಲಿ ಮೂರನೇ ಮಹಡಿಯ ಒಂದು ಕೋಣೆ ಖಾಲಿ ಇದೆ ಎಂದಿದ್ದ ಏಜೆಂಟು, ಭೂಪಟವನ್ನೇ ಬಾಡಿಗೆಗೆ ಕೊಡುವವನ ಗತ್ತಿನಲ್ಲಿ. ಅಂಚು ಮೇಲೆತ್ತಿದ ಸೂರು, ಕೆಂಪು ಕಂಬ, ನೋಡಿದರೆ ಸಾವಿರ ವರ್ಷದ ಚೀನಾ. ಸಿಮೆಂಟು ಮಾತ್ರ ಹೋದ ವರ್ಷದ್ದು. ಹೆಂಡತಿ ಮಗಳ ವೀಸಾಕ್ಕೆ ತನ್ನ ಹೆಸರಿನ ಬಾಡಿಗೆ ಕರಾರು ಬೇಕಿದ್ದರಿಂದ ಪರಸಪ್ಪ ಇತಿಹಾಸ ವಿಚಾರಿಸದೆ ಸಹಿ ಹಾಕಿದ.

ನಿಂಗವ್ವ ಬಂದ ಆರನೇ ದಿನದ ಮಧ್ಯಾಹ್ನ. ಗಂಡ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿದ್ದ. ಒಲೆಯ ಮೇಲೆ ಹಾಲು. ನಾಲ್ಕು ವರ್ಷದ ಮಧುಮತಿ ನೆಲದ ಮೇಲೆ ಬಟ್ಟಲುಗಳನ್ನು ಹರಡಿಕೊಂಡು ಕೂತಿದ್ದಳು. ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಎದುರುಮನೆಯ ಚೀನಾ ಮುದುಕಿ. ಮುದುಕಿ ಒಳಗೆ ಇಣುಕಿ, ಮಗುವಿನ ಕಡೆ ಬೆರಳು ತೋರಿಸಿ ಸ್ಪಷ್ಟವಾಗಿ ಹೇಳಿದಳು: "ನೀ... ಹಾವ್."

ನಿಂಗವ್ವ ಥಟ್ಟನೆ ನೆಲದತ್ತ ನೋಡಿದಳು. ಕಾರಿನ ಬಾನೆಟ್ಟಿನೊಳಗಿಂದ ಮರಳುಹಾವು ಹೊರಬಿದ್ದ ಕಥೆಯನ್ನು ಗಂಡ ಹಿಂದಿನ ದಿನವಷ್ಟೇ ರೊಟ್ಟಿಯ ಜೊತೆ ಬಡಿಸಿದ್ದ. ಪರದೇಶದವಳಾದರೇನು, ಪಾಪ, ಕನ್ನಡದ ಎರಡು ಮಾತು ಕಲಿತು ಎಚ್ಚರಿಸಲು ಬಂದಿದ್ದಾಳೆ.

"ಎಲ್ಲೈತಿ ಆಯಿ? ಎಲ್ಲಿ ನೋಡಿದ್ರಿ?" ಎನ್ನುತ್ತ ಹೊಸ್ತಿಲು ದಾಟಿದಳು. ಮುದುಕಿ ನಗುತ್ತ ಎರಡು ಹೆಜ್ಜೆ ಹಿಂದೆ ಸರಿದಳು. ನಿಂಗವ್ವ ಎರಡು ಹೆಜ್ಜೆ ಮುಂದೆ. ಅವಳ ಬೆನ್ನ ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡು ಲಾಕಾಯಿತು. ಕೀಲಿಯೂ ಮೊಬೈಲೂ ಒಳಗೇ ಉಳಿದವು.

"ಮಧೂ, ಕಾಟಿನ ಮ್ಯಾಲ ಹತ್ತು" ಎಂದು ಬಾಗಿಲಿಗೆ ಬಾಯಿಟ್ಟು ಕೂಗಿದಳು. "ಮನ್ಯಾಗ ಹಾವೈತಿ. ನಾ ಹೇಳೂತನಕ ಕೆಳಗ ಕಾಲಿಡಬ್ಯಾಡ."

ಒಳಗೆ ಬಟ್ಟಲೊಂದು ಉರುಳಿತು. ಆಮೇಲೆ ಅಳು.

ಮೆಟ್ಟಿಲು ಇಳಿಯುತ್ತಿದ್ದ ಒಲಿಂಡಾ ಗದ್ದಲ ಕೇಳಿ ನಿಂತಳು. ಅದೇ ಕಟ್ಟಡದಲ್ಲಿದ್ದ ಮಂಗಳೂರಿನ ಕಡೆಯ ನರ್ಸು, ನಿಂಗವ್ವನಿಗೆ ಬಂದ ದಿನವೇ ಪರಿಚಯವಾದವಳು, ಡ್ಯೂಟಿಗೆ ಹೊರಟಿದ್ದಳು. ಸಂಗತಿ ಕೇಳಿ ಹಣೆ ಚಚ್ಚಿಕೊಂಡು ನಕ್ಕಳು. "ಎಂಥ ಹಾವು ಮಾರಾಯ್ತಿ? ಅವರ ಭಾಷೆಯಲ್ಲಿ ಅದು ನಮಸ್ಕಾರ. ಮಗುವಿಗೆ ನಮಸ್ಕಾರ ಹೇಳಿದ್ದು ಅವರು."

ಹಾವು ಹೋಯಿತು. ನಿಂಗವ್ವನಿಗೆ ಒಂದು ಉಸಿರು ಎಳೆದುಕೊಳ್ಳುವಷ್ಟು ನೆಮ್ಮದಿ ಸಿಕ್ಕಿತು. ಆ ಉಸಿರಿನಲ್ಲೇ ಸೀದ ಹಾಲಿನ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆ. ಉಕ್ಕಿದ ಹಾಲು ಒಲೆಯನ್ನು ಆರಿಸಿತ್ತು. ಗ್ಯಾಸು ಬರುತ್ತಲೇ ಇತ್ತು.

ಒಲಿಂಡಾ ನಗುವುದನ್ನು ನಿಲ್ಲಿಸಿ ತನ್ನ ಮೊಬೈಲು ತೆಗೆದಳು. ವಾಚ್‌ಮನ್ ಫೋನು ಎತ್ತಲಿಲ್ಲ. ಪರಸಪ್ಪ ಎತ್ತಿದ; ಕೀಲಿ ತರಲು ಅರ್ಧ ತಾಸು ಬೇಕು. "ಒಳಗಿನಿಂದ ಹಿಡಿ ತಿರುಗಿಸಿದ್ರೆ ಸಾಕು. ಮಗುವಿಗೆ ಹೇಳಿ" ಎಂದಳು ಒಲಿಂಡಾ.

"ಮಧೂ, ಬಾರವ್ವ, ಬಾಗಲಾ ತಗಿ."

"ಒಲ್ಲೆ. ಹಾವೈತಿ."

"ಇಲ್ಲವ್ವ, ನಾ ಸುಳ್ಳ ಹೇಳಿದ್ನಿ."

"ಆಯಿನೂ ಹಾವ್ ಅಂದ್ಳು. ನಾ ಕೇಳೇನಿ."

ಮಗಳಿಗೆ ಒಂದು ಸಲ ಹೇಳಿದರೆ ಸಾಕು, ಮರೆಯುವುದಿಲ್ಲ ಎಂದು ನಿಂಗವ್ವ ಊರೆಲ್ಲ ಹೊಗಳಿಕೊಂಡು ತಿರುಗಿದ್ದಳು. ಒಳಗಿನಿಂದ ಕೆಮ್ಮು ಕೇಳಿಸಿತು.

ಅವಳು ಮುದುಕಿಯ ಕಡೆ ತಿರುಗಿದಳು. ಎರಡೂ ಕೈ ಮುಗಿದಳು. ಬಾಗಿಲಾಚೆಗೆ ಕೇಳುವಷ್ಟು ದೊಡ್ಡದಾಗಿ, ದನಿಯಲ್ಲಿ ನಗು ತುಂಬಿಕೊಂಡು, "ನೀ ಹಾವ್, ಆಯಿ" ಎಂದಳು. ಮುದುಕಿಗೆ ಗಲಿಬಿಲಿ, ಆದರೂ ಮರುನುಡಿದಳು: "ನೀ ಹಾವ್."

"ಕೇಳಿದೇನ ಮಧೂ? ಹಿಂಗಂದ್ರ ಶರಣ್ರೀ ಅಂದಂಗ. ಒಲಿಂಡಾ ಅಕ್ಕ, ನೀ ಹಾವ್."

"ನೀ ಹಾವ್ ನಿಂಗವ್ವಕ್ಕ, ಊಟ ಆಯ್ತಾ?" ಎಂದಳು ಒಲಿಂಡಾ, ಬಾಗಿಲ ಸಂದಿಗೆ ಮೂಗಿಟ್ಟು ವಾಸನೆ ಹಿಡಿಯುತ್ತ. ಮುಖ ಬಿಳಿಚಿಕೊಂಡಿತ್ತು. ಹೀಗೆ ಮೂವರೂ ಆ ಇಕ್ಕಟ್ಟಿನ ಕಾರಿಡಾರಿನಲ್ಲಿ ಬೀಗರ ಮನೆಗೆ ಬಂದವರಂತೆ ಒಬ್ಬರಿಗೊಬ್ಬರು ನಮಸ್ಕರಿಸುತ್ತ ನಿಂತರು.

ಒಳಗೆ ಅಳು ನಿಂತಿತು. ಕೆಮ್ಮೂ ನಿಂತಿತು. ನಿಂಗವ್ವನಿಗೆ ನಗು ಮರೆತುಹೋಯಿತು. ನಮಸ್ಕಾರ ಮಾತ್ರ ಬಾಯಲ್ಲಿ ತಾನಾಗಿ ನಡೆದಿತ್ತು.

ಹಿಡಿ ಅರ್ಧ ತಿರುಗಿ ಹಿಂದಕ್ಕೆ ಹೋಯಿತು. ಮತ್ತೆ ತಿರುಗಿತು. ಬಾಗಿಲು ತೆರೆದುಕೊಂಡಿತು.

ಒಲಿಂಡಾ ಸೆರಗಿಲ್ಲದ ಯೂನಿಫಾರ್ಮಿನ ತೋಳನ್ನೇ ಮೂಗಿಗೆ ಒತ್ತಿಕೊಂಡು ಸಿಲಿಂಡರಿನ ಕಡೆ ಓಡಿದಳು. ನಿಂಗವ್ವ ಮಗಳನ್ನು ಎತ್ತಿಕೊಂಡು ಮೂರು ಮಹಡಿ ಇಳಿದು, ಕಟ್ಟಡ ದಾಟಿ, ಮರಳಿನಲ್ಲಿ ಕುಸಿದಳು. ಪರಸಪ್ಪ ಕೀಲಿ ಹಿಡಿದು ಬಂದಾಗಲೂ ಹಾಗೇ ಕೂತಿದ್ದಳು.

"ಖಲಾಸ್, ಎಲ್ಲಾ ಮುಗೀತಲ್ಲ. ಮ್ಯಾಲ ನಡಿ" ಎಂದ.

ಅವಳು ಮಗಳ ಬೆನ್ನಿನಿಂದ ಕೈ ತೆಗೆಯಲಿಲ್ಲ. ಆಗಲೇ ಮುದುಕಿ ಅವಳ ಚಪ್ಪಲಿ ಹಿಡಿದು ಕೆಳಗಿಳಿದು ಬಂದಳು. ಕಾದ ಮರಳಿನಲ್ಲಿ ಬರಿಗಾಲಲ್ಲಿರುವುದು ನಿಂಗವ್ವನಿಗೆ ಆಗ ತಿಳಿಯಿತು. ಮುದುಕಿ ಮೊಣಕಾಲೂರಿ ಚಪ್ಪಲಿ ತೊಡಿಸಲು ಬಗ್ಗಿದಳು. ಹಿರಿಯರಿಂದ ಕಾಲು ಮುಟ್ಟಿಸಿಕೊಳ್ಳಬಾರದೆಂದು ನಿಂಗವ್ವ ಹಿಂದಕ್ಕೆಳೆದುಕೊಳ್ಳಲು ನೋಡಿದಳು. ಕಾಲು ಅವಳ ಮಾತು ಕೇಳಲಿಲ್ಲ.