ವಿಮಾನ ಎತ್ತುವ ಹಾಲೇಶ

ನಮ್ಮ ಊರಲ್ಲಿ ವಿಮಾನ ಎಂದರೆ ಎರಡು. ಒಂದು ಆಕಾಶದಲ್ಲಿ ಹೋಗುವುದು. ಇನ್ನೊಂದು ಸತ್ತವರನ್ನು ಕೂಡಿಸಿಕೊಂಡು ಹೂಳುವ ಕುಣಿಯ ತನಕ ಹೋಗುವುದು. ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಚೆಂಡುಹೂವಿನ ಮಾಲೆ ಇಳಿಬಿಟ್ಟು, ಹೆಗಲ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಹೊಳೆಮಣ್ಣೂರಲ್ಲಿ ಯಾರಾದರೂ ‘ವಿಮಾನ ಎತ್ತಿದರು’ ಎಂದರೆ ಜನ ಮೇಲೆ ನೋಡುವುದಿಲ್ಲ, ಟೊಪ್ಪಿಗೆ ತೆಗೆದು ದಾರಿ ಬಿಡುತ್ತಾರೆ.

ಅಣ್ಣ ಹಾಲೇಶನಿಗೆ ಉತ್ತರದ ಗಡಿ ಸಮೀಪದ ಒಂದು ವಿಮಾನ ನಿಲ್ದಾಣದಲ್ಲಿ ನೌಕರಿ. ಯಾವ ವಿಮಾನ ಯಾವಾಗ ಏಳಬೇಕು, ಯಾವುದು ಕಾಯಬೇಕು ಎಂದು ಹೇಳುವ ಕೆಲಸ. ಹಾಗಾಗಿ ಊರಿನವರು ಅವನಿಗೆ ‘ವಿಮಾನ ಎತ್ತೂ ಹಾಲೇಶ’ ಎಂದು ಹೆಸರಿಟ್ಟರು. ನಮ್ಮ ಅವ್ವ ಸುಶೀಲವ್ವನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

“ಏರೋಪ್ಲೇನ ಅನ್ರಿ. ನಿಮ್ಮ ಬಾಯಾಗ ಮಣ್ಣ ಬೀಳಲಿ,” ಎಂದು ಕಟ್ಟೆಯ ಮೇಲೆ ಕೂತವರನ್ನು ಬೈಯುತ್ತಿದ್ದಳು. “ನನ್ನ ಮಗಾ ಏರೋಪ್ಲೇನ ಬಿಡಸ್ತಾನ.”

ಒಮ್ಮೆ ರಜೆಗೆ ಬಂದಾಗ ಅಣ್ಣ ಅವಳಿಗೆ ಹೇಳಿದ್ದ, ಗಡಿಯಲ್ಲಿ ಗಲಾಟೆ ಆದರೆ ಆಕಾಶವನ್ನೂ ಬಂದ್ ಮಾಡುತ್ತೇವೆ ಎಂದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. “ಆಕಾಶಕ್ಕ ಎಲ್ಲಿ ಕೀಲಿ ಹಾಕ್ತಿಯೋ?” ಎಂದು ಕೇಳಿ ಆಮೇಲೆ ಒಬ್ಬಳೇ ಬಹಳ ಹೊತ್ತು ನಕ್ಕಳು.

ಆ ಗಲಾಟೆ ಆಯಿತು. ಅಣ್ಣನಿದ್ದ ಊರಿಗೆ ಹತ್ತಿರದ ಬೆಟ್ಟದ ಪಟ್ಟಣದಲ್ಲಿ ಉಗ್ರರು ಯಾತ್ರಿಕರ ಮೇಲೆ ಗುಂಡು ಹಾರಿಸಿದರು. ಸಂಜೆ ಟಿವಿಯಲ್ಲಿ ಮೊದಲು ಒಂಟಿ ಚಪ್ಪಲಿಗಳನ್ನು ತೋರಿಸಿದರು, ಆಮೇಲೆ ಹೊದಿಕೆಗಳನ್ನು. ನಮ್ಮ ಮಾಮಾ ಗವಿಸಿದ್ದಪ್ಪ ಅದೇ ದಿನ ಬೆಳಗ್ಗೆ ಅಣ್ಣನಿಗೆ ಫೋನು ಮಾಡಿ, ಶಿರೋಳದ ಗುರುಪಾದ ಮಾಸ್ತರರ ಮಂದಿ ಯಾತ್ರೆ ಮುಗಿಸಿ ನಿನ್ನ ನಿಲ್ದಾಣದಿಂದಲೇ ಹೊರಡುತ್ತಾರೆ, ಸ್ವಲ್ಪ ನೋಡಿಕೋ ಎಂದಿದ್ದ. ಈಗ ಅವರು ಎಲ್ಲಿದ್ದಾರೋ, ಅಣ್ಣ ಎಲ್ಲಿದ್ದಾನೋ ಗೊತ್ತಾಗಲಿಲ್ಲ. ಡ್ಯೂಟಿಗೆ ಹೋಗುವಾಗ ಅವನು ಮೊಬೈಲನ್ನು ಕಪಾಟಿನಲ್ಲಿಟ್ಟು ಹೋಗಬೇಕು. ಆಫೀಸಿನ ನಂಬರನ್ನು ಅವ್ವ ಅಡುಗೆಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದಳು. ಆ ಲೈನು ಸಿಗಲೇ ಇಲ್ಲ.

ಅವ್ವ ಟಿವಿಯ ಮುಂದೆ ಕಂಬಕ್ಕೆ ಒರಗಿ ಕೂತಳು. ಮಲಗು ಎಂದರೆ ಕೈ ಬೀಸಿದಳು.

ಬೆಳಕು ಹರಿಯುವಾಗ ನನ್ನ ಮೊಬೈಲಿಗೆ ಅಣ್ಣನ ಸಂದೇಶ ಬಂತು. ‘ಆರಾಮ ಅದೇನಿ. ಮತ್ತ ಡ್ಯೂಟಿಗೆ ಹೊಂಟೇನಿ. ಅವ್ವಗ ಹೇಳು.’

ಓಡಿ ಬಂದೆ. ಟಿವಿ ನಡೆದೇ ಇತ್ತು. ಅವ್ವ ಕಂಬಕ್ಕೆ ಒರಗಿಯೇ ಇದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಮೊಬೈಲನ್ನು ಅವಳ ಮುಖದ ಹತ್ತಿರ ಹಿಡಿದೆ, ಓದು ಬಾರದವಳಿಗೆ. ಅದರ ಬೆಳಕು ಅವಳ ಕಣ್ಣಿನಲ್ಲಿ ಬಿತ್ತು. ಕಣ್ಣು ಮಿಟುಕಲಿಲ್ಲ.

ಆಮೇಲೆ ಏನಾಯಿತೋ ನನಗೆ ಸಾಲಾಗಿ ನೆನಪಿಲ್ಲ. ತಮ್ಮ ಭೀಮೇಶ ಟಿವಿ ಬಂದ್ ಮಾಡಿದ್ದು ನೆನಪಿದೆ. ಸದ್ದು ನಿಂತ ಮೇಲೆ ಮನೆ ಎಷ್ಟು ದೊಡ್ಡದು ಎನಿಸಿತು. ಶಿರೋಳದಿಂದ ಮಾಮಾ ತವರಿನ ಸೀರೆ ಹಿಡಿದು ಬಂದ. ಹೆಂಗಸರು ಅವ್ವನಿಗೆ ನೀರು ಹಾಕಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಕೂಡಿಸಿದರು. ಕೂಡಿಸುವುದಕ್ಕೆ ಯಾರೂ ಕಷ್ಟಪಡಲಿಲ್ಲ, ಅವಳು ಕೂತೇ ಹೋಗಿದ್ದಳು. ಬಿದಿರು ಕಟ್ಟುವುದರಲ್ಲಿ ಊರಿಗೇ ಹೆಸರಾದ ಮೌಲಾಸಾಬ ಅಂಗಳದಲ್ಲಿ ವಿಮಾನಕ್ಕೆ ಗಳ ಹೂಡಿದ. ಭಜನೆಯವರು ಬಂದರು. ಸಾಲಾಗಿ ಬಂದವರೆಲ್ಲ ಒಂದೇ ಮಾತು ಕೇಳಿದರು.

“ಹಾಲೇಶಗ ಹೇಳೀರಿ?”

“ಹೇಳ್ಯಾರ್ರಿ,” ಎಂದು ನಾವೂ ಒಂದೇ ಮಾತು ಹೇಳಿದೆವು.

ಮಧ್ಯಾಹ್ನದ ಹೊತ್ತಿಗೆ ಮಾಮಾ ಅಡುಗೆಮನೆಯ ಗೋಡೆಯ ಮುಂದೆ ನಿಂತು ಆ ನಂಬರು ಒತ್ತಿದ. ಬಹಳ ಸಲ ಒತ್ತಿದ ಮೇಲೆ ಸಿಕ್ಕಿತು. ಕಿವಿ ಮಂದವಾದ ಅವನು ಹೊಳೆಯ ಆ ದಂಡೆಯವರನ್ನು ಕರೆಯುವಂತೆ ಕೂಗಿ ಮಾತಾಡುತ್ತಾನೆ.

“ಹಾಲೇಶಾ! ನಾನಪಾ, ಶಿರೋಳದ ಮಾಮಾ. ಹೌದು. ಎಲ್ಲಾರೂ ಕುಂತಾರಪಾ, ದಾರಿ ನೋಡಾಕತ್ತಾರ. ವಿಮಾನ ಎತ್ತೂದಾ, ಬ್ಯಾಡಾ? ನೀ ಹೆಂಗಂತಿ?”

ಸ್ವಲ್ಪ ಹೊತ್ತು ಕೇಳಿಸಿಕೊಂಡ. “ಹಲೋ, ಹಲೋ,” ಎಂದ. ಹೊರಗೆ ಬಂದು ಜನರಿಗೆ ಹೇಳಿದ.

“ನಾ ಹೇಳೂತನಕಾ ಒಂದೂ ವಿಮಾನ ಏಳಂಗಿಲ್ಲ ಮಾಮಾ ಅಂದ. ಯಾರ ಬಂದು ಕೇಳಿದ್ರೂ ಇಷ್ಟ ಹೇಳ್ರಿ ಅಂದ. ಆಮ್ಯಾಲ ಲೈನ್ ಕಟ್ ಆತು.”

ಹಿರಿಯ ಮಗ ಹೇಳಿದ ಮೇಲೆ ಮುಗಿಯಿತು. ಎಲ್ಲರೂ ಕಾಯುವುದಕ್ಕೆ ಕೂತರು.

ವೈಶಾಖದ ಬಿಸಿಲು. ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚಿರಲಿಲ್ಲ. ಹೆಣ ಎತ್ತುವ ತನಕ ಹಚ್ಚುವುದಿಲ್ಲ. ಮಕ್ಕಳಿಗೆ ಕದ್ದು ಚುರುಮುರಿ ಕೊಟ್ಟರು. ರೋಣದಿಂದ ಐಸ್ ಪೆಟ್ಟಿಗೆ ತರಿಸೋಣ ಎಂದು ಒಬ್ಬ ಹೇಳಿದ. ಅದು ಮಲಗಿದವರಿಗೆ ಇರುವುದು, ಕೂತವಳನ್ನು ಹೇಗೆ ಇಡುತ್ತೀ ಎಂದು ಇನ್ನೊಬ್ಬ ಕೇಳಿದ. ಅವ್ವನ ಹಣೆಯ ವಿಭೂತಿ ತೇವವಾಗಿ ಜಾರತೊಡಗಿತ್ತು. ನಾನು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ.

ಅಂಗಳದಲ್ಲಿ ಗಂಡಸರ ಮಾತು ಮೆಲ್ಲಗೆ ಶುರುವಾಗಿ ದೊಡ್ಡದಾಯಿತು.

“ಈಗ ಏನ, ಕುಣಿಗಿ ಒಯ್ಯಾಕ ಡೆಲ್ಲಿಂದ ಪರವಾನಗಿ ಬರಬೇಕೇನಪಾ?”

“ವಿಮಾನ ಎತ್ತೂ ಹಾಲೇಶ ಅದಾನಲ್ಲ. ಅಲ್ಲೇ ಕುಂತು ಸಿಗ್ನಲ್ ಕೊಡ್ತಾನ ತಗೋ.”

“ಬಾಯಿ ಮುಚ್ಚಲೇ, ಸುಶೀಲವ್ವ ಎದ್ದು ಬಂದು ಬೈತಾಳ.”

ಆ ಮಾತಿಗೆ ಎಲ್ಲರಿಗೂ ನಗು ಬಂತು. ಅದನ್ನು ಆಡಿದವನೇ ಹೆಗಲ ಮೇಲಿನ ಟಾವೆಲಿನಿಂದ ಕಣ್ಣು ಒರೆಸಿಕೊಂಡ. ಪೂಜೆಗೆ ಬಂದ ಅಯ್ಯನವರು ಪಡಸಾಲೆಯೊಳಗೆ ಇಣುಕಿ ಮಾಮಾಗೆ ಹೇಳಿದರು.

“ಹೊತ್ತು ಮುಳುಗಿದ್ರ ನಾಳೆ ಆಗತೈತ್ರಿ. ಈ ಝಳದಾಗ ನಾಳೆ ತನಕಾ ಆ ತಾಯಿನ್ನ ಕೂಡಸಾಕ ಬರೂದಿಲ್ರಿ. ಹುಡುಗ ಎಲ್ಲಿದ್ದಾನಂತ?”

“ಏರೋಪ್ಲೇನದಾಗ ಬರ್ತಿರಬೇಕ್ರಿ. ಬರಲಾರದ ಹಂಗ್ಯಾಕ ಅಂತಾನ್ರೀ?”

ಮೌಲಾಸಾಬನ ಕೆಲಸ ಮುಗಿದಿತ್ತು. ಹೂವು ಬಾಡದಂತೆ ನೀರು ಚಿಮುಕಿಸುತ್ತ ವಿಮಾನದ ಪಕ್ಕದಲ್ಲೇ ಕೂತಿದ್ದ. ಅವನ ಮೊಬೈಲಿನಲ್ಲಿ ಸುದ್ದಿ ಸಣ್ಣದಾಗಿ ಓಡುತ್ತಿತ್ತು. ನೀರು ತರಲು ಹೋಗುವಾಗ ಅದು ನನ್ನ ಕಿವಿಗೆ ಬಿತ್ತು. ವಾಯುಮಾರ್ಗ ಮುಚ್ಚಲಾಗಿದೆ. ಮುಂದಿನ ಆದೇಶದವರೆಗೆ ಗಡಿ ಭಾಗದ ನಿಲ್ದಾಣಗಳಿಂದ ಒಂದೂ ವಿಮಾನ ಮೇಲೇಳುವಂತಿಲ್ಲ.

ತುಂಬಿದ ಕೊಡ ಕೈಯಲ್ಲಿತ್ತು. ಅದನ್ನು ನೆಲಕ್ಕಿಟ್ಟೆ.

ಒಂದೂ ವಿಮಾನ. ಮಾಮಾ ತಂದ ಮಾತಿನಲ್ಲೂ ಅದೇ ಇತ್ತು, ಒಂದೂ ವಿಮಾನ ಏಳಂಗಿಲ್ಲ. ನಮ್ಮ ಅಂಗಳದಲ್ಲಿ ಇದ್ದದ್ದೇ ಒಂದು. ತಾನು ಬರುವ ತನಕ ತಾಯಿಯನ್ನು ಕೂಡಿಸಿರಿ ಎನ್ನುವವನು ‘ಒಂದೂ’ ಎನ್ನುತ್ತಾನೆಯೇ?

ಒಳಗೆ ಹೋಗಿ ಭೀಮೇಶನ ರಟ್ಟೆ ಹಿಡಿದೆ.

“ಅಣ್ಣಗ ಅವ್ವ ಹೋಗಿದ್ದು ಯಾರ ಹೇಳಿದ್ರೋ?”

“ಮಾಮಾ ಮಾತಾಡಿದ್ನಲ್ಲ?”

“ಮಾಮಾ, ನೀ ಹೇಳಿದ್ಯಾ? ಅವ್ವ ಹೋದ್ಲು ಅಂತ ಬಾಯಿ ಬಿಟ್ಟು ಹೇಳಿದ್ಯಾ?”

ಮಾಮಾ ನನ್ನನ್ನೇ ನೋಡಿದ. “ನಾ ಹ್ಯಾಂಗ ಹೇಳಲಿ ತಂಗಿ ಅದನ್ನ? ಮುಂಜಾನೆ ನೀನ ತಿಳಿಸೀದಿ ಅಂದ್ಕೊಂಡೆ. ಕಲಿತಾಕಿ ನೀ. ಫೋನಿನ ವ್ಯವಹಾರೆಲ್ಲಾ ನಿಂದ.”

ನಾನು ತಿಳಿಸಿರಲಿಲ್ಲ. ಭೀಮೇಶ ಹೇಳಿರುತ್ತಾನೆ ಎಂದುಕೊಂಡಿದ್ದೆ. ಗಂಡುಮಗ ಹೇಳುವ ಮಾತು ಅದು ಎನಿಸಿತ್ತು. ಮಾಮಾನ ಮುಖದಲ್ಲಿ ಅರ್ಥವಾಗುವುದು ನಿಧಾನಕ್ಕೆ ಏರಿತು, ಕಾಲುವೆಗೆ ನೀರು ಬಿಟ್ಟಾಗ ಒಣಗಿದ ತಳ ಕಪ್ಪಾಗುತ್ತ ಬರುವ ಹಾಗೆ.

“ಎಲ್ಲಾರೂ ಕುಂತಾರ ಅಂದೆ,” ಎಂದ. ಅವನ ದನಿ ಮೊದಲ ಸಲ ಸಣ್ಣದಾಗಿತ್ತು. “ಗುರುಪಾದ ಮಾಸ್ತರರ ಮಂದಿ ಅಂದ್ಕೊಂಡ್ನೋ ಏನವಾ.”

ಅಡುಗೆಮನೆಯ ಗೋಡೆಯ ಮುಂದೆ ನಿಂತು ನಂಬರು ಒತ್ತಿದೆ. ಕಿಟಕಿಯಲ್ಲಿ ಬಿಸಿಲು ಹಳದಿಯಾಗಿತ್ತು. ಲೈನಿಗೆ ಬಿಡುವಿರಲಿಲ್ಲ. ಒತ್ತುತ್ತಲೇ ಹೋದೆ. ಕೊನೆಗೆ ಯಾರೋ ಹಿಂದಿಯಲ್ಲಿ, ಯಾವ ವಿಮಾನವೂ ಇಲ್ಲ, ಮತ್ತೆ ಫೋನು ಮಾಡಬೇಡಿ ಎಂದು ರೇಗಿದರು. ಹಾಲೇಶನ ತಂಗಿ ಎಂದೆ. ಆ ಕಡೆ ಗದ್ದಲವೋ ಗದ್ದಲ. ಕುರ್ಚಿ ಎಳೆಯುವ ಸದ್ದು, ಹತ್ತಾರು ದನಿ, ಇನ್ನೆಲ್ಲೋ ಬಡಿದುಕೊಳ್ಳುತ್ತಿದ್ದ ಇನ್ನೊಂದು ಫೋನು.

“ಮಹೇಶ್ವರೀ? ಲಗೂ ಹೇಳು,” ಅಣ್ಣನ ದನಿ ಬಂತು. ನಿದ್ದೆ ಕಾಣದ ದನಿ. “ಮಾಸ್ತರರ ಮಂದಿ ಇಲ್ಲೇ ಕುಂತಾರ, ಚಾ ಕುಡಸೇನಿ, ಯಾರಿಗೂ ಏನೂ ಆಗಿಲ್ಲ ಅಂತ ಮಾಮಾಗ ಹೇಳು. ಆಕಾಶ ಪೂರಾ ಬಂದ್ ಐತಿ, ನಾ ಏನೂ ಮಾಡಾಕ ಬರೂದಿಲ್ಲ. ಅವ್ವನ ಕಡೆ ಕೊಡು. ಟಿವಿ ನೋಡಿ ಗಾಬರಿ ಆಗಿರ್ತಾಳ.”

ಬೆಳಗಿನಿಂದ ಆ ಒಂದು ವಾಕ್ಯವನ್ನು ಮನೆಯಲ್ಲಿ ಯಾರೂ ಪೂರ್ತಿ ಆಡಿರಲಿಲ್ಲ. ಬಂದವರಿಗೂ ಆಡಬೇಕಾಗಿರಲಿಲ್ಲ, ಅವಳು ಎದುರಿಗೇ ಕೂತಿದ್ದಳು.

“ಅಣ್ಣಾ,” ಎಂದೆ. “ವಿಮಾನ ಎತ್ತಬೇಕೋ.”

“ನಿನಗೂ ಅದ ಹೇಳಬೇಕೇನ? ಒಂದೂ...”

ಅಲ್ಲಿಗೆ ಅವನ ಮಾತು ನಿಂತಿತು.

ನನ್ನ ಹಿಂದೆ ಪಡಸಾಲೆಯಲ್ಲಿ ಭಜನೆಯ ತಾಳ ನಡೆದಿತ್ತು. ಅದು ಅವನಿಗೆ ಕೇಳಿಸಿರಬೇಕು. ಅವನ ಕೋಣೆಯ ಗದ್ದಲ ನನಗೆ ಕೇಳುತ್ತಿತ್ತು. ಯಾರೋ ಅವನ ಹೆಸರು ಕರೆದರು. ಆ ಇನ್ನೊಂದು ಫೋನನ್ನು ಯಾರೂ ಎತ್ತಲಿಲ್ಲ.

“ಯಾವಾಗ?” ಎಂದ.

“ಬೆಳಕ ಹರಿಯಾಗ.”

“ನನ್ನ ಮೆಸೇಜು... ನಾ ಆರಾಮ ಅದೇನಿ ಅಂತ ಆಕಿಗೆ ಹೇಳಿದ್ಯಾ?”

ಸುಳ್ಳು ಹೇಳಬಹುದಿತ್ತು. ನನ್ನ ನಾಲಗೆ ಏಳಲಿಲ್ಲ. ನನ್ನ ಮೌನವನ್ನು ಸಣ್ಣಂದಿನಿಂದ ಬಲ್ಲವನು ಅವನು.

“ಈಗ ಹೇಳು,” ಎಂದ.

ಮೊಬೈಲನ್ನು ಹಿಡಿದುಕೊಂಡೇ ಪಡಸಾಲೆಗೆ ಬಂದೆ. ಭಜನೆ ತಾನಾಗಿ ನಿಂತಿತು. ಹೆಂಗಸರು ಸರಿದು ದಾರಿ ಬಿಟ್ಟರು. ಅವ್ವನ ಮುಂದೆ ಮೊಣಕಾಲೂರಿದೆ. ಸೆರಗನ್ನು ಸ್ವಲ್ಪ ಸರಿಸಿ, ಒಣಗಿದ ಮಲ್ಲಿಗೆ ವಾಸನೆಯ ನಡುವೆ, ತಣ್ಣಗಿದ್ದ ಕಿವಿಯ ಹತ್ತಿರ ಬಾಗಿದೆ.

“ಯವ್ವಾ, ಅಣ್ಣ ಆರಾಮ ಅದಾನಂತ. ಡ್ಯೂಟಿ ಮ್ಯಾಲ ಅದಾನಂತ. ಏರೋಪ್ಲೇನೆಲ್ಲಾ ನಿಲ್ಲಿಸ್ಯಾನಂತ.”

ಯಾರೋ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ನಾನು ಮೊಬೈಲನ್ನು ಕಿವಿಗೆ ತಂದೆ.

“ಹೇಳೇನಿ ಅಣ್ಣಾ.”

ಆ ಕಡೆ ಯಾರೋ ಅವನನ್ನು ಏನೋ ಕೇಳಿದರು. ಅವನು ಫೋನಿನಿಂದ ಬಾಯಿ ಸರಿಸಿ, ಇಲ್ಲ, ಅದೂ ಏಳುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ದನಿ ಅಲುಗಲಿಲ್ಲ. ಮತ್ತೆ ಹತ್ತಿರ ಬಂದ.

“ಮಾಮಾನ ಕಡೆ ಹಿಡಿ.”

ಮಾಮಾನ ಮಂದ ಕಿವಿಗೆ ಕೇಳಲೆಂದು ಸ್ಪೀಕರ್ ಹಾಕಿ ಎತ್ತಿ ಹಿಡಿದೆ. ಪಡಸಾಲೆ, ಅಂಗಳ, ಬಾಗಿಲಾಚೆ ನಿಂತ ಜನ ಎಲ್ಲರಿಗೂ ಆ ಒಂದೇ ಮಾತು ಕೇಳಿಸಿತು.

“ಎತ್ರಿ.”

ಫೋನು ಇಟ್ಟ ಸದ್ದಾಯಿತು. ಆ ಲೈನು ಅಲ್ಲಿ ಬೇರೆಯವರಿಗೂ ಬೇಕಾಗಿತ್ತು.

ಅಂಗಳದಲ್ಲಿ ಮೌಲಾಸಾಬ ಎದ್ದು ನಿಂತು ಗಳದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದ. ಭೀಮೇಶ ಹೆಗಲಿಗೆ ಟಾವೆಲು ಮಡಚಿ ಇಟ್ಟುಕೊಂಡ. ಹೊಳೆಯ ಕಡೆ ಹೊತ್ತು ಇನ್ನೂ ಸ್ವಲ್ಪ ಉಳಿದಿತ್ತು. ವಿಮಾನ ಮೇಲೆದ್ದಾಗ ಬಾಗಿಲಲ್ಲಿ ನಿಂತವರೆಲ್ಲ ಟೊಪ್ಪಿಗೆ ತೆಗೆದರು.